ಒಂದೂಕಾಲು ಪರ್ಸೆಂಟಿಗಾಗಿ ಕಿತ್ತುಹಾಕಿದ ಏರ್‌ಬಾಕ್ಸ್: ಒಂದು ಪ್ರಕರಣ ಅಧ್ಯಯನ

ಬೈಕು ಬಂದದ್ದು ಒಂದು ಗೋಣಿಚೀಲದ ಸಮೇತ. ಚೀಲದೊಳಗೆ ಕಂಪನಿಯ ಏರ್‌ಬಾಕ್ಸ್ (ಎಂಜಿನ್ನಿಗೆ ಹೋಗುವ ಗಾಳಿಯನ್ನು ಸೋಸಿ ಕೂಡಿಡುವ ಪೆಟ್ಟಿಗೆ), ಅದರ ಮುಚ್ಚಳ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರಿಗೆ ಸೇರುವ ರಬ್ಬರ್ ಕೊಳವೆ, ಹಳೆಯ ಪೇಪರ್ ಫಿಲ್ಟರ್ ಎಲ್ಲ ಇದ್ದವು. ಇವು ಇರಬೇಕಾದ ಜಾಗ, ಸೀಟಿನ ಕೆಳಗೆ, ಖಾಲಿ. ಕಾರ್ಬ್ಯುರೇಟರಿನ ಬಾಯಿಗೆ ಕೆಂಪು ಬಟ್ಟೆಯ ಕೋನ್ ಫಿಲ್ಟರ್ ಸಿಕ್ಕಿಸಿ ಕ್ಲಾಂಪ್ ಬಿಗಿದಿದ್ದರು. 220 ಸಿಸಿ ಆಸುಪಾಸಿನ, ಗಾಳಿಯಲ್ಲೇ ತಣಿಯುವ ಒಂಟಿ ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್. ಶಕ್ತಿ ಸುಮಾರು 20 ಎಚ್‌ಪಿ. ವ್ಯಾಕ್ಯೂಮ್ ಡಯಾಫ್ರಮ್ ಇರುವ ಕಾರ್ಬ್ಯುರೇಟರ್.

"ಅಣ್ಣ, ಮೊದಲ ವಾರ ಬಾಣದ ಹಾಗೆ ಹೋಗ್ತಿತ್ತು. ಈಗ ಅರ್ಧ ಆಕ್ಸಿಲರೇಟರ್ ಕೊಟ್ರೆ ಮುಗ್ಗರಿಸುತ್ತೆ," ಅಂದ ಹುಡುಗ. ಮೈಲೇಜ್ ಇಳಿದಿತ್ತು. ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಪಟ ಸಿಡಿತ, ಪೂರ್ತಿ ತಿರುಗಿಸಿದರೆ ಕಪ್ಪು ಹೊಗೆ. ಗೇರ್ ಲಿವರಿನ ಶಾಫ್ಟ್ ಹತ್ತಿರ ಆಯಿಲ್ ಜಿನುಗು. ಇಷ್ಟೂ ತೊಂದರೆ ಒಂದೇ ಬೈಕಿನಲ್ಲಿ, ಒಂದೇ ಬದಲಾವಣೆಯ ಹಿಂದೆ ಬಂದದ್ದರಿಂದ ಈ ಪ್ರಕರಣವನ್ನು ಪೂರ್ತಿಯಾಗಿ ಬರೆದಿಡಬೇಕು ಅನ್ನಿಸಿತು.

ನಾನು ಮೊದಲು ಕೈಗೆ ಸ್ಪ್ಯಾನರ್ ತೆಗೆದುಕೊಳ್ಳುವುದಿಲ್ಲ, ಕತೆ ಕೇಳುತ್ತೇನೆ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಅವನು ಹೇಳಿದ ಕ್ರಮ ಹೀಗಿತ್ತು. ಬೈಕ್ ಕೆಲವು ತಿಂಗಳಿಂದ ಮಂಕಾಗಿತ್ತು, ಪಿಕಪ್ ಇರಲಿಲ್ಲ. ಗೆಳೆಯರ ಮಾತು ಕೇಳಿ ಏರ್‌ಬಾಕ್ಸ್ ಬಿಚ್ಚಿ ಕೋನ್ ಫಿಲ್ಟರ್ ಹಾಕಿಸಿದ. ಗಾಡಿಗೆ ಜೀವ ಬಂದಂತಾಯಿತು. ಆದರೆ ಸೈಲೆನ್ಸರ್ ಸಿಡಿಯತೊಡಗಿತು. "ಲೀನ್ ಆಗಿದೆ, ದೊಡ್ಡ ಜೆಟ್ ಹಾಕು" ಅಂದರು. ಲೀನ್ ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ ಎಂದು; ಜೆಟ್ ಅಂದರೆ ಪೆಟ್ರೋಲ್ ಹರಿಯುವ ಸಣ್ಣ ರಂಧ್ರದ ತಿರುಪು. 120ರ ಮೇನ್ ಜೆಟ್ ತೆಗೆದು 135 ಹಾಕಿಸಿದ. ಹೊಗೆ ಶುರುವಾಯಿತು, ಸಿಡಿತ ಮಾತ್ರ ನಿಲ್ಲಲಿಲ್ಲ. ಫಿಲ್ಟರ್ ಕೊಳೆಯಾಗಿರಬಹುದೆಂದು ಪೆಟ್ರೋಲಿನಲ್ಲಿ ತೊಳೆದು ಒಣಗಿಸಿ, ಈ ಬಾರಿ ಜಾರಬಾರದೆಂದು ಕೊನೆತನಕ ಒತ್ತಿ ಕೂರಿಸಿದ. ಮುಗ್ಗರಿಸುವ ತೊಂದರೆ ಅಲ್ಲಿಂದ.

"ಕೊನೆತನಕ ಒತ್ತಿ" ಅನ್ನುವ ಎರಡು ಪದ ನನ್ನ ಕಿವಿಗೆ ಬಿದ್ದವು. ಕ್ಲಾಂಪ್ ಸಡಿಲಿಸಿ ಟಾರ್ಚ್ ಹಿಡಿದು ನೋಡಿದೆ.

ಮುಚ್ಚಿಹೋದ ಎರಡು ತೂತು

ವ್ಯಾಕ್ಯೂಮ್ ಕಾರ್ಬ್ಯುರೇಟರಿನಲ್ಲಿ ನಮ್ಮ ಕೈ ತೆರೆಯುವುದು ಗಾಳಿದಾರಿಯ ಬಾಗಿಲಾದ ಬಟರ್‌ಫ್ಲೈ ಒಂದನ್ನೇ. ನೀಡಲ್ (ಪೆಟ್ರೋಲಿನ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವ ಸೂಜಿ) ಹೊತ್ತ ಸ್ಲೈಡನ್ನು ಮೇಲೆತ್ತುವ ಕೆಲಸ ಗಾಳಿಯದು. ಸ್ಲೈಡಿನ ನೆತ್ತಿಯ ಮೇಲೆ ತೆಳ್ಳನೆಯ ರಬ್ಬರ್ ಡಯಾಫ್ರಮ್ ಇರುತ್ತದೆ. ಅದರ ಮೇಲಿನ ಕೋಣೆಗೆ ಸ್ಲೈಡಿನ ತಳದ ತೂತಿನಿಂದ ವೆಂಚುರಿಯ, ಅಂದರೆ ಕಾರ್ಬ್ಯುರೇಟರಿನ ಕಿರಿದಾದ ಗಂಟಲಿನ, ಕಡಿಮೆ ಒತ್ತಡ ತಲುಪುತ್ತದೆ; ಕೆಳಗಿನ ಕೋಣೆಗೆ ಕಾರ್ಬ್ಯುರೇಟರಿನ ಬಾಯಂಚಿನಲ್ಲಿರುವ ಸಣ್ಣ ಕಿಂಡಿಯಿಂದ ಹೊರಗಿನ ಒತ್ತಡ ಬರುತ್ತದೆ. ಎರಡರ ವ್ಯತ್ಯಾಸವೇ ಸ್ಪ್ರಿಂಗನ್ನು ಮೀರಿ ಸ್ಲೈಡನ್ನು ಎಳೆಯುತ್ತದೆ. ಬಾಯಂಚಿನಲ್ಲೇ ಇನ್ನೊಂದು ಕಿಂಡಿಯೂ ಇದೆ, ಐಡ್ಲಿಂಗ್ ಮಾರ್ಗದ ಪೈಲಟ್ ಏರ್ ಜೆಟ್ಟಿನದು.

ಕೋನ್ ಫಿಲ್ಟರಿನ ದಪ್ಪ ರಬ್ಬರ್ ಕುತ್ತಿಗೆ ಒಳಕ್ಕೆ ಸರಿದು ಮೊದಲ ಕಿಂಡಿಯನ್ನು ಪೂರ್ತಿ, ಎರಡನೆಯದನ್ನು ಅರ್ಧ ಮುಚ್ಚಿತ್ತು. ಕೆಳಗಿನ ಕೋಣೆಗೆ ಉಸಿರೇ ಇಲ್ಲದ ಮೇಲೆ ಸ್ಲೈಡ್ ಏಳುವುದಾದರೂ ಹೇಗೆ? ಹುಡುಗ ಕೈ ತಿರುಗಿಸುತ್ತಾನೆ, ಬಟರ್‌ಫ್ಲೈ ತೆರೆಯುತ್ತದೆ, ಸ್ಲೈಡ್ ಮಾತ್ರ ತಡವರಿಸುತ್ತ ಕೆಳಗೇ ಇರುತ್ತದೆ. ಎಂಜಿನ್ ಗಾಳಿಗೂ ಪೆಟ್ರೋಲಿಗೂ ಹಸಿದು ಮುಗ್ಗರಿಸುತ್ತದೆ. ಮಧ್ಯದ ವೇಗದ ಈ ರೋಗಕ್ಕೆ ಮೇನ್ ಜೆಟ್ ಎಷ್ಟು ದೊಡ್ಡದು ಹಾಕಿದರೂ ಮದ್ದಾಗದು, ಯಾಕೆಂದರೆ ಮೇನ್ ಜೆಟ್ಟಿನ ಮಾತು ನಡೆಯುವುದು ಸ್ಲೈಡ್ ಮುಕ್ಕಾಲು ಪಾಲು ಏರಿದ ನಂತರ. ಅದರ ಕೆಳಗೆ ನೀಡಲ್, ಇನ್ನೂ ಕೆಳಗೆ ಪೈಲಟ್.

135ರ ಜೆಟ್ ಬಗ್ಗೆ ಒಂದು ಲೆಕ್ಕ ಹೇಳಲೇಬೇಕು. ಈ ಕಾರ್ಬ್ಯುರೇಟರಿನಲ್ಲಿ ಜೆಟ್ಟಿನ ಸಂಖ್ಯೆ ಅಂದರೆ ರಂಧ್ರದ ವ್ಯಾಸ, ಮಿಲಿಮೀಟರಿನ ನೂರನೇ ಭಾಗಗಳಲ್ಲಿ. 1.20 ಮಿ.ಮೀ. ಇದ್ದದ್ದು 1.35 ಆದರೆ ಕೇಳಲು ಏನೂ ಅನ್ನಿಸುವುದಿಲ್ಲ. ಆದರೆ ಹರಿಯುವುದು ವಿಸ್ತೀರ್ಣದ ಮೂಲಕ, ವಿಸ್ತೀರ್ಣ ವ್ಯಾಸದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ: ಶೇಕಡಾ 26ಕ್ಕಿಂತ ಹೆಚ್ಚು. ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಎಂಜಿನ್ ಅತಿ ಹೆಚ್ಚು ಶಕ್ತಿ ಕೊಡುವುದು 12.5ರಿಂದ 13ರ ಆಸುಪಾಸಿನಲ್ಲಿ. ಅಲ್ಲಿಂದ ಪೆಟ್ರೋಲನ್ನು ಕಾಲು ಪಾಲು ಹೆಚ್ಚಿಸಿದರೆ 10ರ ಹತ್ತಿರಕ್ಕೆ ಬರುತ್ತದೆ. ಅದು ಹೊಗೆ, ಮಸಿ, ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆದುಹಾಕುವ ಹಸಿ ಪೆಟ್ರೋಲ್. ಪ್ಲಗ್ ಬಿಚ್ಚಿದಾಗ ಕಂಡದ್ದೂ ಅದೇ, ಒಣ ಕಪ್ಪು ಮಸಿಯ ಪದರ.

ಸಿಡಿತ ನಿಲ್ಲದೆ ಇದ್ದದ್ದಕ್ಕೂ ಕಾರಣ ಸಿಕ್ಕಿತು. ಆಕ್ಸಿಲರೇಟರ್ ಬಿಟ್ಟಾಗ ಕೆಲಸ ಮಾಡುವುದು ಪೈಲಟ್ ಮಾರ್ಗ. ಏರ್‌ಬಾಕ್ಸ್ ತೆಗೆದಾಗ ಅಲ್ಲಿನ ಮಿಶ್ರಣ ಲೀನ್ ಆಗಿ, ಸಿಲಿಂಡರಿನಲ್ಲಿ ಹೊತ್ತಿಕೊಳ್ಳದೆ ಬಿಸಿ ಸೈಲೆನ್ಸರಿಗೆ ಹೋಗಿ ಅಲ್ಲಿ ಉರಿಯುತ್ತಿತ್ತು. ಬೇಕಾಗಿದ್ದದ್ದು ಪೈಲಟ್ ಸ್ಕ್ರೂವಿನ ಅರ್ಧ ಸುತ್ತು. ಕೊಟ್ಟದ್ದು ಮೇನ್ ಜೆಟ್.

ಆಯಿಲ್ ಜಿನುಗಿನ ಕತೆ ಚಿಕ್ಕದು, ಆದರೆ ಎಲ್ಲಕ್ಕಿಂತ ಅಪಾಯಕಾರಿ. ಪಿಸ್ಟನ್ ಕೆಳಗಿಳಿಯುವಾಗ ಎಂಜಿನ್ನಿನ ಕೆಳಹೊಟ್ಟೆಯಾದ ಕ್ರ್ಯಾಂಕ್‌ಕೇಸಿನ ಗಾಳಿಯನ್ನು ಒತ್ತುತ್ತದೆ. ಒಂಟಿ ಸಿಲಿಂಡರಿನಲ್ಲಿ ಆ ಒತ್ತಡವನ್ನು ಸರಿದೂಗಿಸಲು ಇನ್ನೊಂದು ಪಿಸ್ಟನ್ ಇಲ್ಲ. ಆ ಗಾಳಿ ಬ್ರೀದರ್ ಪೈಪಿನಿಂದ ಏರ್‌ಬಾಕ್ಸಿಗೆ ಹೋಗಬೇಕು. ಬಾಕ್ಸ್ ತೆಗೆದವರು ಪೈಪಿನ ಬಾಯಿಗೆ ಒಂದು ಬೋಲ್ಟ್ ತುರುಕಿ ಕ್ಲಿಪ್ ಹಾಕಿದ್ದರು. ಒತ್ತಡ ಬೇರೆ ದಾರಿ ಹುಡುಕಿತು, ಶಾಫ್ಟಿನ ಆಯಿಲ್ ಸೀಲ್ ಸಿಕ್ಕಿತು. ಬೋಲ್ಟ್ ಎಳೆದಾಗ ಬುಸ್ ಎಂದು ಬಂದ ಆ ಶಬ್ದ ಹುಡುಗನ ಮುಖವನ್ನೇ ಬದಲಿಸಿತು. ಸೀಲ್ ಹೊಸದು ಹಾಕಬೇಕಾಯಿತು.

ಕೊನೆಗೆ ಕಾರ್ಬ್ಯುರೇಟರಿನ ಒಳಗೋಡೆಗೆ ಬೆರಳಾಡಿಸಿದೆ. ಬೆರಳಿಗೆ ಅಂಟಿದ್ದು ನುಣ್ಣನೆಯ ಧೂಳು. ಬಟ್ಟೆಯ ಫಿಲ್ಟರ್ ಧೂಳು ಹಿಡಿಯುವುದು ಎಳೆಗಳಿಗೆ ಹಚ್ಚಿದ ಅಂಟು ಎಣ್ಣೆಯಿಂದ. ಪೆಟ್ರೋಲಿನಲ್ಲಿ ತೊಳೆದಾಗ ಆ ಎಣ್ಣೆ ಹೋಯಿತು, ಮತ್ತೆ ಹಚ್ಚಲಿಲ್ಲ. ಆಮೇಲೆ ಉಳಿದದ್ದು ಒಂದು ಜಾಲರಿ ಅಷ್ಟೆ. ಒಳಗೆ ಹೋದ ಮರಳಿನ ಪುಡಿ ಆಯಿಲಿಗೆ ಸೇರಿ ರಿಂಗು, ಬೋರುಗಳನ್ನು ಸಾಣೆ ಹಿಡಿಯುತ್ತದೆ. ಅದೃಷ್ಟಕ್ಕೆ ಓಡಿದ್ದು ಕೆಲವೇ ವಾರ. ಆಯಿಲ್ ತಕ್ಷಣ ಬದಲಿಸಿದೆ.

ನೀರಿನ ಕೊಳವೆಯ ಮುಂದೆ

ಇಲ್ಲಿಗೆ ರಿಪೇರಿ ಮುಗಿಯಿತು. ಕೋನ್ ಫಿಲ್ಟರನ್ನು ಕಿಂಡಿ ಮುಚ್ಚದ ಹಾಗೆ ಕೂರಿಸಿ, ಎಣ್ಣೆ ಹಚ್ಚಿ, ಜೆಟ್ ಸರಿಮಾಡಿ ಕಳಿಸಬಹುದಿತ್ತು. ಆದರೆ ಹುಡುಗನ ಪ್ರಶ್ನೆ ಅಲ್ಲೇ ಇತ್ತು: "ಮೊದಲ ವಾರ ನಿಜವಾಗಲೂ ಚೆನ್ನಾಗಿ ಓಡ್ತಿತ್ತಲ್ಲಣ್ಣ?" ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ಉತ್ತರ ಸಿಗದೆ ಹೋದರೆ ನಾಳೆ ಇನ್ನೊಂದು ಫಿಲ್ಟರ್ ಕೊಳ್ಳುತ್ತಾನೆ. ಒಂದು ದಿನ ಬಿಡುವು ಮಾಡಿಕೊಂಡು ಅಳೆಯೋಣ ಅಂದೆ.

ಏರ್‌ಬಾಕ್ಸ್ ಎಂಜಿನ್ನಿನ ಉಸಿರನ್ನು ಎಷ್ಟು ಕಟ್ಟಿಹಾಕುತ್ತದೆ ಎಂದು ತಿಳಿಯಲು ದೊಡ್ಡ ಯಂತ್ರ ಬೇಡ. ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯನ್ನು ಯು ಆಕಾರಕ್ಕೆ ಬಗ್ಗಿಸಿ, ಬಣ್ಣದ ನೀರು ತುಂಬಿ, ಒಂದು ತುದಿಯನ್ನು ಫಿಲ್ಟರ್ ದಾಟಿದ ಮೇಲಿನ ಜಾಗಕ್ಕೆ ಸೇರಿಸಿದರೆ ಸಾಕು; ಇನ್ನೊಂದು ತುದಿ ಬಯಲಿಗೆ. ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸವೇ ಉತ್ತರ. 10.2 ಸೆಂ.ಮೀ. ನೀರು ಅಂದರೆ ಒಂದು ಕಿಲೋಪಾಸ್ಕಲ್. ಸಮುದ್ರಮಟ್ಟದ ವಾತಾವರಣದ ಒತ್ತಡ ಸುಮಾರು 101. ಹಾಗಾಗಿ ಹತ್ತು ಸೆಂಟಿಮೀಟರಿಗೆ ಒಂದು ಪರ್ಸೆಂಟ್ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಬಹುದು.

ಮಾಡುವವರಿಗೆ ಮೂರು ಮಾತು. ಒಂಟಿ ಸಿಲಿಂಡರ್ ಗುಟುಕು ಗುಟುಕಾಗಿ ಎಳೆಯುವುದರಿಂದ ನೀರು ಕುಣಿಯುತ್ತದೆ. ಕೊಳವೆಯ ಬಾಯಲ್ಲಿ ಹಳೆಯ ಜೆಟ್ಟೊಂದನ್ನು ಸಿಕ್ಕಿಸಿದರೆ ಕುಣಿತ ನಿಂತು ಸರಾಸರಿ ಕಾಣುತ್ತದೆ. ಯು ಕೊಳವೆಯ ಎರಡು ಕಾಲುಗಳನ್ನು ಒಂದಕ್ಕೊಂದು ಅಂಟಿಸಿ ಕಟ್ಟಬೇಕು, ಇಲ್ಲವಾದರೆ ಬೈಕ್ ಮುನ್ನುಗ್ಗುವಾಗ ನೀರು ಹಿಂದಕ್ಕೆ ವಾಲಿ ಸುಳ್ಳು ಹೇಳುತ್ತದೆ. ಕಾಲುಗಳು ಉದ್ದವಾಗಿರಲಿ, ಎಂಜಿನ್ ನೀರು ಕುಡಿಯಬಾರದು. ಬಾಕ್ಸಿನಲ್ಲಿ ಬ್ರೀದರ್ ಸೇರುವ ಮೂತಿ ಫಿಲ್ಟರಿನ ಒಳಬದಿಯಲ್ಲೇ ಇತ್ತು. ಬ್ರೀದರನ್ನು ಸ್ವಲ್ಪ ಹೊತ್ತಿಗೆ ಒಂದು ಬಾಟಲಿಗೆ ತಿರುಗಿಸಿ ಕೊಳವೆಯನ್ನು ಅಲ್ಲಿಗೆ ಸಿಕ್ಕಿಸಿದೆ, ಮಟ್ಟವನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಂಡೆವು.

ಚೀಲದಲ್ಲಿದ್ದ ಕಂಪನಿ ಬಾಕ್ಸನ್ನು ಹಾಗೇ, ಹಳೆಯ ಪೇಪರ್ ಫಿಲ್ಟರ್ ಸಮೇತ ಕೂರಿಸಿ ಮೂರನೇ ಗೇರಿನಲ್ಲಿ 8,000 ಆರ್‌ಪಿಎಂ ತನಕ ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ನೀರಿನ ವ್ಯತ್ಯಾಸ 31 ಸೆಂ.ಮೀ. ಅದೇ ಬಾಕ್ಸಿಗೆ ಹೊಸ ಪೇಪರ್ ಫಿಲ್ಟರ್ ಹಾಕಿದ ಮೇಲೆ 13.

ಇಡೀ ಪ್ರಕರಣದ ಬೀಗದ ಕೈ ಈ ಎರಡು ಸಂಖ್ಯೆ. ಹುಡುಗನ ಬೈಕ್ ಮಂಕಾಗಿದ್ದದ್ದು ನಿಜ. ಫಿಲ್ಟರ್ ಧೂಳಿನಿಂದ ಕಟ್ಟಿಕೊಂಡು ಮೂರು ಪರ್ಸೆಂಟ್ ಒತ್ತಡ ನುಂಗುತ್ತಿತ್ತು. ಕೋನ್ ಹಾಕಿದಾಗ ಗಾಡಿಗೆ ಜೀವ ಬಂದದ್ದೂ ನಿಜ. ಆದರೆ ಅವನು ಹೊಸ ಕೋನ್ ಫಿಲ್ಟರನ್ನು ಹೋಲಿಸಿದ್ದು ಕಟ್ಟಿಹೋದ ಪೇಪರಿನ ಜೊತೆಗೆ. ಹೊಸ ಪೇಪರ್ ಫಿಲ್ಟರನ್ನು ಅವನು ಯಾವತ್ತೂ ಹಾಕಿ ನೋಡಿರಲೇ ಇಲ್ಲ. ಹೊಸ ಪೇಪರ್ ಇದ್ದಾಗ ಬಾಕ್ಸು, ಗಾಳಿ ಒಳಬರುವ ಮುಚ್ಚಳದ ಮೂತಿ, ಫಿಲ್ಟರ್ ಎಲ್ಲ ಸೇರಿ ತಿನ್ನುವುದು ಒಂದೂಕಾಲು ಪರ್ಸೆಂಟ್. ಎಲ್ಲವನ್ನೂ ಕಿತ್ತೆಸೆದು ಬರೀ ಬಾಯಿಯಲ್ಲಿ ಓಡಿಸಿದರೂ ಈ ಲೆಕ್ಕದಲ್ಲಿ ಸಿಗುವುದು 20 ಎಚ್‌ಪಿಗೆ ಕಾಲು ಎಚ್‌ಪಿ. ಸರಾಸರಿ ಒತ್ತಡ ಎಲ್ಲವನ್ನೂ ಹೇಳುವುದಿಲ್ಲ, ಅಲೆಗಳ ಲೆಕ್ಕ ಬೇರೆ ಇದೆ, ಒಪ್ಪುತ್ತೇನೆ. ಆದರೆ ಅಲೆಗಳ ಲೆಕ್ಕದಲ್ಲಿ ಏರ್‌ಬಾಕ್ಸೇ ಮುಂದು.

ಯಾಕೆಂದರೆ, 220 ಸಿಸಿ ಎಂಜಿನ್ 8,000 ಆರ್‌ಪಿಎಂನಲ್ಲಿ ಸೆಕೆಂಡಿಗೆ 67 ಸಲ ಉಸಿರೆಳೆಯುತ್ತದೆ. ಸಿಲಿಂಡರ್ ಶೇಕಡಾ 85ರಷ್ಟು ತುಂಬುತ್ತದೆಂದುಕೊಂಡರೆ ಸೆಕೆಂಡಿಗೆ ಸುಮಾರು 12.5 ಲೀಟರ್ ಗಾಳಿ. ಇನ್‌ಟೇಕ್ ವಾಲ್ವ್ ತೆರೆದಿರುವುದು ಒಟ್ಟು ಸಮಯದ ಮೂರನೇ ಒಂದು ಭಾಗ ಅಷ್ಟೆ. ಹಾಗಾಗಿ ಎಳೆಯುವ ಗಳಿಗೆಯಲ್ಲಿ ಹರಿವಿನ ವೇಗ ಸರಾಸರಿಯ ಮೂರು ಪಟ್ಟು. ಕೋನ್ ಫಿಲ್ಟರ್ ಕಾರ್ಬ್ಯುರೇಟರಿನ ಬಾಯಿಗೇ ಅಂಟಿಕೊಂಡಿದ್ದರೆ ಆ ಮೂರು ಪಟ್ಟಿನ ಗುಟುಕು ನೇರವಾಗಿ ಬಟ್ಟೆಯ ಮೇಲೆ ಬೀಳುತ್ತದೆ. ಏರ್‌ಬಾಕ್ಸ್ ಇದ್ದರೆ ಎಂಜಿನ್ ಗುಟುಕರಿಸುವುದು ಬಾಕ್ಸಿನೊಳಗಿನ ನಾಲ್ಕೈದು ಲೀಟರ್ ನಿಂತ ಗಾಳಿಯಿಂದ. ಫಿಲ್ಟರ್ ನಿಧಾನವಾಗಿ, ಒಂದೇ ಸಮ ಆ ತೊಟ್ಟಿಯನ್ನು ತುಂಬುತ್ತಿರುತ್ತದೆ. ಬಾವಿಯಿಂದ ಬಿಂದಿಗೆಗೆ ನೇರ ಸೇದುವುದಕ್ಕೂ ತೊಟ್ಟಿಯಿಂದ ಮೊಗೆಯುವುದಕ್ಕೂ ಇರುವ ವ್ಯತ್ಯಾಸ ಇದು.

ಬಾಕ್ಸಿನಿಂದ ಕಾರ್ಬ್ಯುರೇಟರಿಗೆ ಬರುವ ರಬ್ಬರ್ ಕೊಳವೆಯನ್ನೂ ಸುಮ್ಮನೆ ಸೇತುವೆ ಅಂದುಕೊಳ್ಳಬಾರದು. ಅದರ ಬಾಯಿ ಕಹಳೆಯ ಹಾಗೆ ಅಗಲವಾಗಿರುತ್ತದೆ, ಗಾಳಿ ಅಂಚಿಗೆ ಬಡಿದು ಸುಳಿಯಾಗದೆ ಜಾರಿ ಒಳಬರಲಿ ಎಂದು. ಅದರ ಉದ್ದವೂ ಆರಿಸಿದ್ದೇ: ವಾಲ್ವಿನಿಂದ ಹೊರಟ ಒತ್ತಡದ ಅಲೆ ಕೊಳವೆಯ ಬಾಯಿ ಮುಟ್ಟಿ ಹಿಂದಿರುಗಿ, ವಾಲ್ವ್ ಮುಚ್ಚುವ ಹೊತ್ತಿಗೆ ಸರಿಯಾಗಿ ತಲುಪಿದರೆ ಸಿಲಿಂಡರಿಗೆ ಇನ್ನಷ್ಟು ಗಾಳಿ ನೂಕುತ್ತದೆ. ಕೊಳವೆ ಕಿತ್ತು ದಾರಿ ಗಿಡ್ಡವಾದಾಗ ಆ ಹೊಂದಾಣಿಕೆ ಮೇಲಿನ ಆರ್‌ಪಿಎಂಗೆ ಸರಿಯುತ್ತದೆ, ದಿನವೂ ಓಡಿಸುವ ಮಧ್ಯದ ವೇಗ ಸೊರಗುತ್ತದೆ. ಇದಲ್ಲದೆ ವಾಲ್ವ್ ಮುಚ್ಚುವಾಗ ಸ್ವಲ್ಪ ಪೆಟ್ರೋಲ್ ಮಂಜು ಬಾಯಿಯಿಂದ ಹಿಂದಕ್ಕೆ ಚಿಮ್ಮುತ್ತದೆ. ಬಾಕ್ಸಿನಲ್ಲಾದರೆ ಅದು ಮುಂದಿನ ಉಸಿರಿಗೆ ಮತ್ತೆ ಒಳಗೆ ಹೋಗುತ್ತದೆ. ಈ ಕೋನ್ ಫಿಲ್ಟರಿನ ಒಳಬಟ್ಟೆ ಪೆಟ್ರೋಲಿನಿಂದ ಒದ್ದೆಯಾಗಿ ವಾಸನೆ ಬಡಿಯುತ್ತಿತ್ತು. ಕಾರ್ಬ್ಯುರೇಟರಿನಿಂದ ಬೆಂಕಿ ಹಿಂದಕ್ಕೆ ಹಾರಿದ ದಿನ ಅದು ದೀಪದ ಬತ್ತಿ.

ಅಂತೂ ಎಲ್ಲಕ್ಕಿಂತ ದೊಡ್ಡ ನಷ್ಟ ಬಿಸಿಯದು. ತೆಳ್ಳನೆಯ ತಾಪಮಾನ ತಂತಿಯೊಂದನ್ನು ಎರಡೂ ಕಡೆ ಇಟ್ಟು ನೋಡಿದೆವು. ಅದೇ ರಸ್ತೆ, ಅದೇ ವೇಗ. ಸೀಟಿನ ಕೆಳಗಿಂದ ಗಾಳಿ ತೆಗೆದುಕೊಳ್ಳುವ ಬಾಕ್ಸಿನೊಳಗೆ 34 ಡಿಗ್ರಿ. ಸಿಲಿಂಡರಿನ ಬೆನ್ನಿಗೇ ಕೂತ ಕೋನ್ ಫಿಲ್ಟರಿನಲ್ಲಿ 43. ನಿಂತಾಗ ಕೋನ್ ಫಿಲ್ಟರಿನದು 58ಕ್ಕೆ ಏರಿತು. ಗಾಳಿಯ ಸಾಂದ್ರತೆ ಪರಮ ತಾಪಮಾನಕ್ಕೆ ವಿಲೋಮ. 34ರಿಂದ 43 ಅಂದರೆ 307 ಕೆಲ್ವಿನ್‌ನಿಂದ 316. ಹತ್ತಿರ ಹತ್ತಿರ ಮೂರು ಪರ್ಸೆಂಟ್ ಗಾಳಿ ಕಡಿಮೆ. 58 ಡಿಗ್ರಿಯಲ್ಲಿ ಏಳು ಪರ್ಸೆಂಟ್ ದಾಟುತ್ತದೆ. ಒಂದೂಕಾಲು ಗಳಿಸಲು ಹೋಗಿ ಮೂರು ಕಳೆದುಕೊಂಡ ಲೆಕ್ಕ ಕಣ್ಣೆದುರೇ ಇತ್ತು. ಹುಡುಗ ಕಾಗದದ ಮೇಲೆ ಎರಡು ಸಲ ಭಾಗಾಕಾರ ಮಾಡಿ ನೋಡಿದ.

ಸೆಕೆಂಡುಗಳು

ಲೆಕ್ಕ ಏನೇ ಹೇಳಲಿ, ರಸ್ತೆ ಒಪ್ಪಬೇಕು. ಸಮತಟ್ಟಾದ ಖಾಲಿ ರಸ್ತೆಯಲ್ಲಿ, ನಾಲ್ಕನೇ ಗೇರಿನಲ್ಲಿ, 40ರಿಂದ 80 ಕಿ.ಮೀ. ವೇಗಕ್ಕೆ ಎಷ್ಟು ಹೊತ್ತು ಎಂದು ಅಳೆದೆವು. ಅದೇ ಸವಾರ, ಟ್ಯಾಂಕಿನಲ್ಲಿ ಅಷ್ಟೇ ಪೆಟ್ರೋಲ್, ಗಾಳಿ ಬೀಸುವುದರ ಪ್ರಭಾವ ಕಳೆಯಲೆಂದು ಎರಡೂ ದಿಕ್ಕಿನಲ್ಲಿ ಮೂರು ಮೂರು ಸಲ ಓಟ. ಸ್ಪೀಡೋಮೀಟರಿನ ವಿಡಿಯೋದಿಂದ ಸಮಯ ತೆಗೆದೆವು. ಒಂದು ಓಟಕ್ಕೂ ಇನ್ನೊಂದಕ್ಕೂ 0.2 ಸೆಕೆಂಡ್ ತನಕ ಏರುಪೇರು ಇತ್ತು; ಅದಕ್ಕಿಂತ ಸಣ್ಣ ವ್ಯತ್ಯಾಸವನ್ನು ನಾನು ನಂಬುವುದಿಲ್ಲ.

ಬಂದಾಗಿನ ಸ್ಥಿತಿಯಲ್ಲಿ ಮೊದಲೇ ಅಳೆದಿಟ್ಟದ್ದು 9.1 ಸೆಕೆಂಡ್. ಕೋನ್ ಫಿಲ್ಟರನ್ನೇ ಕಿಂಡಿ ಬಿಟ್ಟು ಕೂರಿಸಿ, ಎಣ್ಣೆ ಹಚ್ಚಿ, ಜೆಟ್ 122ಕ್ಕೆ ಇಳಿಸಿ, ಪೈಲಟ್ ಸ್ಕ್ರೂ ಸರಿಮಾಡಿದ ಮೇಲೆ 7.8. ಕಂಪನಿ ಬಾಕ್ಸು, ಕಟ್ಟಿದ ಹಳೆಯ ಫಿಲ್ಟರ್, 120ರ ಜೆಟ್: 8.1. ಅದೇ ಬಾಕ್ಸಿಗೆ ಹೊಸ ಪೇಪರ್ ಫಿಲ್ಟರ್: 7.2.

8.1ರಿಂದ 7.8 ಅನ್ನುವುದೇ ಅವನ ಮೊದಲ ವಾರದ ಬಾಣ. ಉಳಿದದ್ದನ್ನು ತುಂಬಿದ್ದು ಶಬ್ದ. ಏರ್‌ಬಾಕ್ಸ್ ಎಂಜಿನ್ನಿನ ಉಸಿರಿನ ಸದ್ದಿಗೆ ಸೈಲೆನ್ಸರ್ ಕೂಡ ಹೌದು. ಅದನ್ನು ತೆಗೆದಾಗ ತೊಡೆಯ ನಡುವೆಯೇ ಎಂಜಿನ್ ಗುಟುರು ಹಾಕುತ್ತದೆ, ಮೈ ಅದನ್ನು ವೇಗವೆಂದು ಓದಿಕೊಳ್ಳುತ್ತದೆ. ನನಗೂ ಆ ಸದ್ದು ಇಷ್ಟ. ಇಷ್ಟವಾದದ್ದನ್ನು ಗಡಿಯಾರದ ಮುಂದೆ ನಿಲ್ಲಿಸಲು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಾಗುತ್ತದೆ.

ಕೋನ್ ಫಿಲ್ಟರಿಗೆ ಅನ್ಯಾಯ ಮಾಡಬಾರದು. ಮೂರನೇ ಗೇರಿನಲ್ಲಿ 80ರ ಮೇಲೆ, ಆರ್‌ಪಿಎಂ ತುತ್ತತುದಿಯಲ್ಲಿರುವಾಗ, ಅದು ಕಂಪನಿ ಬಾಕ್ಸಿಗೆ ಸಮನಾಗಿಯೇ ಓಡಿತು. ಕ್ಯಾಮ್, ಪೋರ್ಟ್, ಸೈಲೆನ್ಸರ್ ಎಲ್ಲ ಬದಲಿಸಿ ಸದಾ ಮೇಲಿನ ಆರ್‌ಪಿಎಂನಲ್ಲೇ ಇರುವ ರೇಸ್ ಎಂಜಿನ್ನಿಗೆ ಕಂಪನಿ ಬಾಕ್ಸ್ ನಿಜವಾಗಿಯೂ ಬಿಗಿ ಅಂಗಿಯಾಗುತ್ತದೆ. ಅಲ್ಲಿ ಉದ್ದ ಲೆಕ್ಕ ಹಾಕಿದ ಕಹಳೆಬಾಯಿ, ತಣ್ಣನೆ ಗಾಳಿ ತರುವ ಕೊಳವೆ, ದೊಡ್ಡ ಬಾಕ್ಸು, ಇವೆಲ್ಲ ಬೇಕು. ಫ್ಯುಯೆಲ್ ಇಂಜೆಕ್ಷನ್ ಬೈಕಾದರೆ ಜೆಟ್ಟಿನ ಬದಲು ಇಸಿಯು (ಎಂಜಿನ್ನಿನ ಕಂಪ್ಯೂಟರ್) ಮ್ಯಾಪಿನ ಕೆಲಸ, ಅಂದರೆ ಎಷ್ಟು ಪೆಟ್ರೋಲ್ ಚಿಮ್ಮಿಸಬೇಕೆಂದು ಅದರಲ್ಲಿ ಬರೆದಿಟ್ಟ ಪಟ್ಟಿಯದು. ಸಾಮಾನ್ಯ ಆಕ್ಸಿಜನ್ ಸೆನ್ಸರ್ ನಿಧಾನ ಓಟದಲ್ಲಿ ಮಿಶ್ರಣ ತಿದ್ದುತ್ತದೆ, ಪೂರ್ತಿ ತೆರೆದಾಗ ಇಸಿಯು ಅದರ ಮಾತು ಕೇಳದೆ ಮ್ಯಾಪನ್ನೇ ನಂಬುತ್ತದೆ. ಲೀನ್ ಆದರೆ ಪಿಸ್ಟನ್ ಬೇಯುವುದು ಅಲ್ಲೇ.

ನಾವು ಇನ್ನೊಂದು ಪ್ರಯೋಗ ಮಾಡಿದೆವು. ಬಾಕ್ಸಿನ ಮುಚ್ಚಳದ ಮೇಲಿನ ಕಿರಿದಾದ ಮೂತಿಯನ್ನು ಮಾತ್ರ ತೆಗೆದು ನೋಡಿದೆವು. ನೀರು 13ರಿಂದ 9 ಸೆಂ.ಮೀ.ಗೆ ಇಳಿಯಿತು. ಸಮಯ 7.3, ಅಂದರೆ ಏನೂ ಬದಲಾಗಲಿಲ್ಲ. ಸದ್ದು ಹೆಚ್ಚಿತು, ಮಳೆನೀರಿಗೆ ದಾರಿ ಅಗಲವಾಯಿತು. ಮೂತಿ ವಾಪಸ್ ಹೋಯಿತು.

ಕೊನೆಯದಾಗಿ ನೀಡಲ್ಲಿನ ತಲೆಯ ಕೆಳಗೆ ಅರ್ಧ ಮಿಲಿಮೀಟರ್ ದಪ್ಪದ ವಾಷರ್ ಹಾಕಿ, ಪೆಟ್ರೋಲ್ ತುಸು ಹೆಚ್ಚು ಹರಿಯಲೆಂದು ಅದನ್ನು ಮೇಲೆತ್ತಿದೆ. ಮಧ್ಯದ ತೆರೆತದಲ್ಲಿ ಈ ಬೈಕ್ ಸ್ವಲ್ಪ ಲೀನ್ ಓಡುತ್ತಿತ್ತು. ಗಡಿಯಾರ 7.0 ಅಂದಿತು, ಅದು ಏರುಪೇರಿನ ಅಂಚಿನಲ್ಲೇ ಇರುವುದರಿಂದ ಗೆಲುವೆಂದು ಹೇಳಲಾರೆ. ಆದರೆ ಕೈಯ ಮಾತಿಗೆ ಎಂಜಿನ್ ತಡವಿಲ್ಲದೆ ಓಗೊಡುತ್ತಿತ್ತು, ತಣ್ಣಗಿರುವಾಗ ಚೋಕ್ ಬೇಗ ಬಿಡುತ್ತಿತ್ತು. ಇದರಿಂದ ಹೊಗೆಯ ಪರೀಕ್ಷೆಯ ಅಂಕಿ ಬದಲಾಗಬಹುದು. ಅದನ್ನು ಹುಡುಗನಿಗೆ ಮೊದಲೇ ಹೇಳಿ, ಅವನು ಒಪ್ಪಿದ ಮೇಲೆಯೇ ಮಾಡಿದ್ದು.

ಬೈಕ್ ಹೊರಟದ್ದು ಹೀಗೆ: ಕಂಪನಿ ಏರ್‌ಬಾಕ್ಸ್, ಹೊಸ ಪೇಪರ್ ಫಿಲ್ಟರ್, ಮುಚ್ಚಳದ ಸುತ್ತ ಹೊಸ ಸೀಲ್ ಪಟ್ಟಿ, ಬ್ರೀದರ್ ತನ್ನ ಜಾಗಕ್ಕೆ, 120ರ ಜೆಟ್, ಒಂದು ವಾಷರ್. ಬಾಕ್ಸಿನಿಂದ ಕಾರ್ಬ್ಯುರೇಟರಿಗೆ ಬರುವ ಕೊಳವೆಯ ಒಳಗೋಡೆಗೆ ತೆಳುವಾಗಿ ಗ್ರೀಸ್ ಸವರಿ ಕಳಿಸಿದ್ದೆ, ಧೂಳು ನುಸುಳಿದರೆ ಅಲ್ಲಿ ಅಂಟಿಕೊಂಡು ಚಾಡಿ ಹೇಳಲಿ ಎಂದು. ಕೋನ್ ಫಿಲ್ಟರನ್ನು ಹುಡುಗ ಅದೇ ಚೀಲದಲ್ಲಿ ಹಾಕಿಕೊಂಡು ಹೋದ.

ಎರಡು ತಿಂಗಳ ನಂತರ ಬಂದ. ಗ್ರೀಸ್ ಶುಭ್ರವಾಗಿತ್ತು, ಶಾಫ್ಟಿನ ಸುತ್ತ ಒಣಗಿತ್ತು. ಫಿಲ್ಟರ್ ಬದಲಿಸುವ ಕಾಲ ಬಂತೇ ಎಂದು ಕೇಳಿದ. ನಾನು ಉತ್ತರಿಸುವ ಮೊದಲೇ ಗೋಡೆಯ ಮೊಳೆಯಿಂದ ನೀರಿನ ಕೊಳವೆ ಇಳಿಸಿ, ಎರಡು ಕಾಲುಗಳನ್ನು ಜೋಡಿಸಿ ಕಟ್ಟಿ, ಬಾಯಿಗೆ ಹಳೆಯ ಜೆಟ್ ಸಿಕ್ಕಿಸಿ ಹೊರಟ. ಹಿಂದಿರುಗಿ ವಿಡಿಯೋ ತೋರಿಸಿದ: 14 ಸೆಂ.ಮೀ. ಫಿಲ್ಟರ್ ಮುಟ್ಟದೆ, ಸೀಟು ಹಾಕಿ ಕಳಿಸಿದೆ.